ಎರಡು ಸರ್ವರ್, ಒಂದು ನಿರ್ಧಾರ

ಕೊಯಮತ್ತೂರಿನ ಉಕ್ಕಡಂ ದಾಟಿ ಆತ್ತುಪಾಲಂ ಮುಟ್ಟಿದರೆ ಒಂದು ದಾರಿ ಪಾಲಕ್ಕಾಡಿನ ಕಡೆ ಹೊರಳುತ್ತದೆ, ಇನ್ನೊಂದು ಪೊಳ್ಳಾಚಿಯ ಕಡೆ. ಕೇರಳದ ಅಂಗಡಿಗಳಿಗೆ ಹೋಗುವ ಬಟ್ಟೆ, ನೂಲು, ಮೋಟಾರು ಪಂಪುಗಳು ಈ ದಾರಿ ಹಿಡಿಯುತ್ತವೆ. 50,000 ರೂಪಾಯಿಗೂ ಹೆಚ್ಚು ಬೆಲೆಯ ಸರಕು ರಾಜ್ಯದ ಗಡಿ ದಾಟಬೇಕಾದರೆ ಇ-ವೇ ಬಿಲ್ ಎಂಬ ಸಾಗಣೆ ಚೀಟಿ ಬೇಕು. 2018ರ ಏಪ್ರಿಲ್ 1ರಿಂದ ಇದು ದೇಶಕ್ಕೆಲ್ಲ ಕಡ್ಡಾಯವಾಗಿದೆ. ಇ-ವೇ ಬಿಲ್ಲಿಗೆ ಮೊದಲು ಇನ್‌ವಾಯ್ಸ್ ಬೇಕು, ಇನ್‌ವಾಯ್ಸ್ ಬರಬೇಕಾದರೆ ವ್ಯಾಪಾರಿಯ ಬಿಲ್ಲಿಂಗ್ ಸರ್ವರ್ ಎದ್ದಿರಬೇಕು. ಅದು ಮಲಗಿತೋ, ಲೋಡು ತುಂಬಿದ ಲಾರಿ ನಿಂತಲ್ಲೇ ನಿಲ್ಲುತ್ತದೆ.

1888ರಲ್ಲೇ ಸ್ಟೇನ್ಸ್ ಮಿಲ್ಲು ಶುರುವಾದ ಊರಿದು. ಮನೆಯೊಳಗೆ ಕನ್ನಡ ಆಡುವ ದೇವಾಂಗ ಕುಟುಂಬಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ನೇಯ್ಗೆ ಮತ್ತು ನೂಲಿನ ಕೆಲಸದಲ್ಲಿವೆ. ಅಂಥದೊಂದು ಮನೆತನದ ಗೋದಾಮನ್ನು ಉಕ್ಕಡಂ ಹತ್ತಿರ ಕಲ್ಪಿಸಿಕೊಳ್ಳೋಣ. ವ್ಯಾಪಾರ ಬೆಳೆದಿದೆ, ಒಂದು ಸರ್ವರನ್ನು ನಂಬಿ ಕೂರುವಂತಿಲ್ಲ ಎಂದು ಎರಡನೆಯದನ್ನೂ ತಂದಿಟ್ಟಿದ್ದಾರೆ. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಎಲ್ಲ ಲೆಕ್ಕದ ನಕಲನ್ನು ಇಟ್ಟುಕೊಂಡು ಕಾಯುತ್ತದೆ. ರಾತ್ರಿ ಎರಡು ಗಂಟೆಗೆ ಮೊದಲನೆಯದು ಸದ್ದಿಲ್ಲದಂತಾಗುತ್ತದೆ. ಎರಡನೆಯದು ತಾನಾಗಿ ಕೆಲಸ ಕೈಗೆತ್ತಿಕೊಳ್ಳಬೇಕೆ? ಅಥವಾ ಗೋದಾಮಿನ ಹುಡುಗ ಫೋನು ಮಾಡಿ ‘ಅಣ್ಣಾ, ಬಿಲ್ ಬರ್ತಿಲ್ಲ’ ಎಂದ ಮೇಲೆ, ಮನುಷ್ಯನೊಬ್ಬ ಎದ್ದು ನೋಡಿ ಬದಲಿಸಬೇಕೆ?

ಈ ಚರ್ಚೆಯಲ್ಲಿ ಎರಡು ಪಕ್ಷಗಳಿವೆ. ಎರಡೂ ಕಡೆ ಅನುಭವಸ್ಥರೇ ಇದ್ದಾರೆ, ಎರಡೂ ಕಡೆಯ ವಾದಕ್ಕೆ ಪುರಾವೆಯಿದೆ.

ಮೊದಲು ಯಂತ್ರದ ಪಕ್ಷ. ವರ್ಷದಲ್ಲಿ ಶೇಕಡಾ 99.9ರಷ್ಟು ಹೊತ್ತು ಸೇವೆ ಎದ್ದಿರಬೇಕೆಂದರೆ ಸುಮಾರು 8 ಗಂಟೆ 45 ನಿಮಿಷ ಮಾತ್ರ ಮಲಗಲು ಅವಕಾಶ. 99.99 ಎಂದರೆ ವರ್ಷಕ್ಕೆಲ್ಲ ಸೇರಿ 53 ನಿಮಿಷಕ್ಕಿಂತ ಕಡಿಮೆ. ಮಲಗಿದ್ದವನಿಗೆ ಫೋನು ಕೇಳಿಸಿ, ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆರೆದು, ಒಳಹೊಕ್ಕು, ಏನಾಗಿದೆಯೆಂದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ವರ್ಷಕ್ಕೆ ಎರಡು ಸಲ ಹೀಗಾದರೆ ಲೆಕ್ಕ ಮುಗಿಯಿತು. ಇನ್ನು ಸೇವೆಯೆಂದರೆ ಒಂದೇ ವಸ್ತುವಲ್ಲ. ಗ್ರಾಹಕರ ಕಂಪ್ಯೂಟರುಗಳು ಹುಡುಕುವ ಐಪಿ ವಿಳಾಸ, ಲೆಕ್ಕವಿರುವ ಡಿಸ್ಕು, ಅದರ ಮೇಲೆ ನಡೆಯುವ ಡೇಟಾಬೇಸ್, ಅದರ ಮೇಲೆ ಬಿಲ್ಲಿಂಗ್ ಪ್ರೋಗ್ರಾಮ್, ಎಲ್ಲವೂ ಒಂದೇ ಸರ್ವರಿನ, ಈ ಲೋಕದ ಮಾತಿನಲ್ಲಿ ಒಂದೇ ‘ನೋಡಿ’ನ (node) ಮೇಲೆ ಸೇರಿರಬೇಕು, ಸರಿಯಾದ ಕ್ರಮದಲ್ಲೇ ಏಳಬೇಕು. ಡಿಸ್ಕು ಸಿಕ್ಕಿಸುವ ಮೊದಲೇ ಡೇಟಾಬೇಸ್ ಎಬ್ಬಿಸಿದರೆ ಅದು ಖಾಲಿ ಜಾಗ ನೋಡಿ ಕಂಗಾಲಾಗುತ್ತದೆ. ನಿದ್ದೆಗಣ್ಣಿನ ಮನುಷ್ಯ ಇಂಥ ಕ್ರಮ ತಪ್ಪುವುದು ಸಹಜ. ಲಿನಕ್ಸ್ ಲೋಕದಲ್ಲಿ ಪೇಸ್‌ಮೇಕರ್ ಎಂಬ ತಂತ್ರಾಂಶ ಇದನ್ನೇ ಮಾಡುತ್ತದೆ: ಯಾವುದು ಯಾವುದರ ಜೊತೆಗಿರಬೇಕು, ಯಾವುದರ ನಂತರ ಏಳಬೇಕು, ಯಾವ ನೋಡಿನ ಮೇಲೆ ಇರುವುದು ಮೇಲು ಎಂದು ಒಮ್ಮೆ ಬರೆದುಕೊಟ್ಟರೆ ಹಗಲಾದರೂ ರಾತ್ರಿಯಾದರೂ ಅದೇ ಕ್ರಮ ಪಾಲಿಸುತ್ತದೆ. ಜೊತೆಗಾರನಾದ ಕೊರೋಸಿಂಕ್ ನೋಡುಗಳ ನಡುವೆ ‘ಇದ್ದೀಯಾ?’ ‘ಇದ್ದೇನೆ’ ಎಂಬ ಸಂದೇಶಗಳನ್ನು ಸತತವಾಗಿ ಓಡಿಸುತ್ತಿರುತ್ತದೆ. ಉತ್ತರ ಕೆಲವೇ ಸೆಕೆಂಡು ತಪ್ಪಿದರೂ ಆ ನೋಡು ಹೋಯಿತೆಂದು ತೀರ್ಮಾನ.

ಎದುರು ಪಕ್ಷದ ವಾದ ಹುಟ್ಟುವುದೇ ಈ ಕೊನೆಯ ಮಾತಿನಿಂದ. ಉತ್ತರ ಬರಲಿಲ್ಲ ಎನ್ನುವುದಷ್ಟೇ ಎರಡನೆಯ ಸರ್ವರಿಗೆ ಗೊತ್ತು. ಮೊದಲನೆಯದು ಸತ್ತಿದೆಯೋ, ನಡುವಿನ ತಂತಿ ಕಿತ್ತಿದೆಯೋ ಅದಕ್ಕೆ ತಿಳಿಯುವ ದಾರಿಯಿಲ್ಲ. ತಂತಿ ಮಾತ್ರ ಕಿತ್ತಿದ್ದರೆ ಎರಡೂ ‘ನಾನೇ ಯಜಮಾನ’ ಎಂದು ಕೂರುತ್ತವೆ. ನಮ್ಮ ಗೋದಾಮಿನಲ್ಲಿ ಇದರ ಫಲ ಏನೆಂದು ನೋಡಿ. ಜಿಎಸ್‌ಟಿ ನಿಯಮದಂತೆ ಇನ್‌ವಾಯ್ಸ್ ಸಂಖ್ಯೆ ಅನುಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಒಂದು ಸಂಖ್ಯೆ ಒಮ್ಮೆ ಮಾತ್ರ ಬರಬೇಕು. ಗೋದಾಮಿನ ಕಂಪ್ಯೂಟರು ಒಂದು ಸರ್ವರಿಗೆ ಅಂಟಿಕೊಂಡಿದೆ, ಅಂಗಡಿಯ ಕಂಪ್ಯೂಟರು ಇನ್ನೊಂದಕ್ಕೆ. ಎರಡೂ 4512 ಎಂಬ ಸಂಖ್ಯೆಯಲ್ಲೇ ಬಿಲ್ ಹರಿದವು. ಒಂದರ ಸರಕು ಕೇರಳ ಗಡಿಯ ವಾಳಯಾರ್ ದಾಟಿ ಹೋಗಿದೆ, ಇನ್ನೊಂದರ ಹಣ ಕೈಸೇರಿದೆ. ಬೆಳಿಗ್ಗೆ ಎರಡು ಲೆಕ್ಕ ಎದುರಿಗಿವೆ, ಎರಡೂ ಅರ್ಧರ್ಧ ನಿಜ. ಇಂಥ ಕಡೆ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಿದರೆ ನಿಜವಾಗಿ ನಡೆದ ವ್ಯಾಪಾರವೇ ಅಳಿಸಿಹೋಗುತ್ತದೆ. ಒಂದು ಗಂಟೆ ಸರ್ವರ್ ಇಲ್ಲದ ನಷ್ಟವನ್ನು ಲೆಕ್ಕ ಹಾಕಬಹುದು. ಎರಡಾಗಿ ಒಡೆದ ಲೆಕ್ಕವನ್ನು ಕೂಡಿಸಲು ಎಷ್ಟು ದಿನ ಬೇಕೆಂದು ಮೊದಲೇ ಹೇಳಲಾಗದು.

ಇದು ಬರೀ ಊಹೆಯಲ್ಲ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಹಬ್‌ನಲ್ಲಿ 2018ರ ಅಕ್ಟೋಬರ್ 21ರಂದು ಹೀಗೆಯೇ ಆಯಿತು. ಹಾಳಾಗುತ್ತಿದ್ದ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡು ತಪ್ಪಿತು. ಅಷ್ಟರಲ್ಲೇ ಸ್ವಯಂಚಾಲಿತ ವ್ಯವಸ್ಥೆ ಬಹುಮತ ಸೇರಿಸಿ, ಡೇಟಾಬೇಸುಗಳ ಯಜಮಾನಿಕೆಯನ್ನು ಪಶ್ಚಿಮ ಕರಾವಳಿಗೆ ಒಪ್ಪಿಸಿತು. ಆದರೆ ಪೂರ್ವದಲ್ಲಿ ಆಗಲೇ ಬರೆದಿದ್ದ, ಪಶ್ಚಿಮಕ್ಕೆ ಇನ್ನೂ ತಲುಪದ ಕೆಲವು ಸೆಕೆಂಡುಗಳ ಬರಹ ಅಲ್ಲೇ ಉಳಿಯಿತು. ಪಶ್ಚಿಮದಲ್ಲಿ ಹೊಸ ಬರಹ ಸೇರುತ್ತ ಹೋಯಿತು. 43 ಸೆಕೆಂಡಿನ ತೊಡಕನ್ನು ಬಿಡಿಸಲು 24 ಗಂಟೆ 11 ನಿಮಿಷ ಹಿಡಿಯಿತು. ಯಂತ್ರ ಏನನ್ನೂ ತಪ್ಪಾಗಿ ಮಾಡಿರಲಿಲ್ಲ, ಬರೆದುಕೊಟ್ಟಂತೆಯೇ ನಡೆದಿತ್ತು. ಒಂದು ನಿಮಿಷ ಸುಮ್ಮನಿದ್ದಿದ್ದರೆ ತಂತಿ ತಾನೇ ಸರಿಹೋಗುತ್ತಿತ್ತು. ಆಮೇಲೆ ಅವರು ಒಂದು ಪ್ರದೇಶದಿಂದ ಇನ್ನೊಂದಕ್ಕೆ ಯಜಮಾನಿಕೆ ತಾನಾಗಿ ದಾಟದಂತೆ ವ್ಯವಸ್ಥೆಯನ್ನು ಬಿಗಿ ಮಾಡಿದರು.

ಯಂತ್ರದ ಪಕ್ಷದವರಿಗೆ ಇದಕ್ಕೆ ಉತ್ತರವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅನುಮಾನ ಬಂದಾಗ ಎರಡನೆಯದು ಮೊದಲು ಮಾಡಬೇಕಾದ್ದು ಕೆಲಸ ಕೈಗೆತ್ತಿಕೊಳ್ಳುವುದಲ್ಲ, ಮೊದಲನೆಯದರ ಕರೆಂಟನ್ನೇ ಕತ್ತರಿಸುವುದು. ಇದಕ್ಕೆ ಫೆನ್ಸಿಂಗ್ ಎನ್ನುತ್ತಾರೆ. ಸರ್ವರಿನೊಳಗೆ ಪವರ್ ಆಫ್ ಮಾಡಬಲ್ಲ ಪ್ರತ್ಯೇಕ ಚಿಪ್ಪಿನ ಮೂಲಕವೋ, ದೂರದಿಂದ ನಿಯಂತ್ರಿಸಬಹುದಾದ ಪವರ್ ಬೋರ್ಡಿನ ಮೂಲಕವೋ ಅದನ್ನು ಆರಿಸಿ, ಆರಿದೆ ಎಂಬ ಖಾತರಿ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ. ಜೊತೆಗೆ ಮೂರನೆಯ ಮತವೊಂದಿರಬೇಕು. ಇಬ್ಬರೇ ಇದ್ದರೆ ಬಹುಮತ ಎನ್ನುವುದು ಹುಟ್ಟುವುದಿಲ್ಲ. ಮೂರನೆಯದು ದೊಡ್ಡ ಸರ್ವರೇ ಆಗಬೇಕೆಂದಿಲ್ಲ, ಮತ ಹಾಕಲು ಮಾತ್ರ ಇರುವ ಚಿಕ್ಕ ಯಂತ್ರ ಸಾಕು. ಫೆನ್ಸಿಂಗ್ ಮತ್ತು ಮೂರನೆಯ ಮತ ಎರಡೂ ಸರಿಯಾಗಿದ್ದಲ್ಲಿ ಇಬ್ಬರು ಯಜಮಾನರ ಭಯ ಬಹುಪಾಲು ಹೋಗುತ್ತದೆ.

ತೊಂದರೆಯೇನೆಂದರೆ ಸಣ್ಣ ಊರಿನ, ಸಣ್ಣ ವ್ಯಾಪಾರದ ಕ್ಲಸ್ಟರುಗಳಲ್ಲಿ, ಅಂದರೆ ಹೀಗೆ ಜೋಡಿಸಿದ ಸರ್ವರುಗಳ ಗುಂಪುಗಳಲ್ಲಿ, ಬಿಟ್ಟುಹೋಗುವುದು ಸಾಮಾನ್ಯವಾಗಿ ಇವೆರಡೇ. ಎರಡು ಸರ್ವರಿಗೂ ಒಂದೇ ಯುಪಿಎಸ್, ಒಂದೇ ಸ್ವಿಚ್ಚು, ಒಂದೇ ಏಸಿ ಕೋಣೆ. ಹಾಗಿರುವಲ್ಲಿ ಪವರ್ ಬೋರ್ಡು ಸತ್ತರೆ ಕತ್ತರಿಸುವ ಆಜ್ಞೆಗೂ ಉತ್ತರ ಬರುವುದಿಲ್ಲ. ಆಜ್ಞೆ ಖಾತರಿಯಾಗುವವರೆಗೆ ಕ್ಲಸ್ಟರ್ ಕಾಯುತ್ತ ಕೂರುತ್ತದೆ. ಆ ಕಾಯುವಿಕೆ ಸರಿಯಾದದ್ದೇ, ಆದರೆ ಹಣ ಕೊಟ್ಟು ತಂದ ಸ್ವಯಂಚಾಲನೆ ಆ ಹೊತ್ತಿಗೆ ಒದಗಲಿಲ್ಲ. ಬೇಸತ್ತು ಫೆನ್ಸಿಂಗನ್ನೇ ತೆಗೆದುಹಾಕುವವರಿದ್ದಾರೆ. ಅದು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮನುಷ್ಯನೂ ನೋಡುತ್ತಿಲ್ಲ, ಯಂತ್ರಕ್ಕೂ ಖಾತರಿಯಿಲ್ಲ, ಆದರೂ ಅಧಿಕಾರ ಮಾತ್ರ ಯಂತ್ರದ ಕೈಯಲ್ಲಿದೆ.

ಉಕ್ಕಡಂನಲ್ಲೇ ಇರುವ ಪೆರಿಯಕುಳವನ್ನು ನೋಡಿದರೆ ಈ ಎರಡು ಪಕ್ಷಗಳೂ ಒಂದೇ ಏರಿಯ ಮೇಲೆ ಕಾಣುತ್ತವೆ. ನೊಯ್ಯಲ್ ನದಿಯಿಂದ ನೀರು ಪಡೆಯುವ ಕೆರೆಗಳ ಸಾಲಿನಲ್ಲಿ ಇದೊಂದು. ಇದು ತುಂಬಿದರೆ ಹೆಚ್ಚಿನ ನೀರು ವಾಲಾಂಕುಳಕ್ಕೆ ಹರಿಯುತ್ತದೆ. ಕೆರೆ ಕಟ್ಟಿದ ನಮ್ಮ ಹಿರಿಯರು ಕೋಡಿಯನ್ನೂ ಇಟ್ಟರು, ತೂಬನ್ನೂ ಇಟ್ಟರು. ನೀರು ಮಟ್ಟ ಮೀರಿದರೆ ಕೋಡಿ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ, ಏಕೆಂದರೆ ಕಾದರೆ ಏರಿಯೇ ಒಡೆಯುತ್ತದೆ. ತೂಬನ್ನು ಮಾತ್ರ ನೀರುಗಂಟಿ ಬಂದು ಎತ್ತಬೇಕು, ಏಕೆಂದರೆ ಯಾವ ಗದ್ದೆಗೆ ಎಷ್ಟು ಎಂಬುದು ಮಟ್ಟ ನೋಡಿ ಹೇಳುವ ಮಾತಲ್ಲ. ಅವರ ಲೆಕ್ಕ ಸ್ಪಷ್ಟವಾಗಿತ್ತು: ತಡವಾದರೆ ಕೆಡುವುದು ಯಾವುದು, ಅವಸರವಾದರೆ ಕೆಡುವುದು ಯಾವುದು.

ಅದೇ ಪ್ರಶ್ನೆಯನ್ನು ಸರ್ವರುಗಳಿಗೆ ಕೇಳಿದರೆ ಚರ್ಚೆ ಮುಂದೆ ಸಾಗುತ್ತದೆ. ಬಂದ ಕೋರಿಕೆಗೆ ಪುಟ ತೋರಿಸಿ ಮರೆಯುವ, ತನ್ನೊಳಗೆ ಏನನ್ನೂ ಇಟ್ಟುಕೊಳ್ಳದ ಸೇವೆಗಳಿವೆ. ಅವುಗಳನ್ನು ಯಂತ್ರ ಹತ್ತು ಸಲ ಬೇಕಾದರೂ ಅತ್ತಿಂದಿತ್ತ ಸಾಗಿಸಲಿ, ತಪ್ಪಿ ಎರಡು ಕಡೆ ಎದ್ದರೂ ಹಾನಿಯಿಲ್ಲ. ಬಹುಮಟ್ಟಿಗೆ ಜಗಳ ನಡೆಯುವುದು ಡೇಟಾಬೇಸಿನ ಯಜಮಾನಿಕೆಯ ಬಗ್ಗೆ ಮಾತ್ರ.

ಆದರೂ ಯಂತ್ರ ಎಡವುವ ಇನ್ನೊಂದು ಜಾಗವನ್ನು ಮರೆಯಬಾರದು. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1 ರಿಟರ್ನ್, 20ಕ್ಕೆ 3ಬಿ ಸಲ್ಲಿಸಬೇಕು. ಆ ಗಡುವುಗಳ ಹಿಂದಿನ ಸಂಜೆ ಲೆಕ್ಕದವರೆಲ್ಲ ಒಟ್ಟಿಗೆ ವರದಿ ತೆಗೆಯುತ್ತಾರೆ. ಡೇಟಾಬೇಸ್ ಬದುಕಿದೆ, ಉಸಿರುಗಟ್ಟಿ ದುಡಿಯುತ್ತಿದೆ. ಕ್ಲಸ್ಟರಿನ ತಪಾಸಣೆಗೆ 20 ಸೆಕೆಂಡಿನಲ್ಲಿ ಉತ್ತರ ಬರಲಿಲ್ಲ ಎಂದಿಟ್ಟುಕೊಳ್ಳಿ. ಸೇವೆ ಕೆಟ್ಟಿದೆ ಎಂದು ಕ್ಲಸ್ಟರ್ ಅದನ್ನು ನಿಲ್ಲಿಸಲು ಹೋಗುತ್ತದೆ. ಅಷ್ಟು ಹೊರೆಯಲ್ಲಿ ಅದು ಬೇಗ ನಿಲ್ಲುವುದೂ ಇಲ್ಲ. ನಿಲ್ಲಲಿಲ್ಲ ಎಂಬ ಕಾರಣಕ್ಕೆ ಇಡೀ ನೋಡಿನ ಕರೆಂಟು ಹೋಗುತ್ತದೆ. ಕಾದು ಕುಳಿತಿದ್ದ ಎರಡನೆಯ ನೋಡಿನ ಮೇಲೆ ಅದೇ ಹೊರೆ ಬೀಳುತ್ತದೆ, ಅದರ ತಪಾಸಣೆಯೂ ತಡವಾಗುತ್ತದೆ. ಮನುಷ್ಯನೊಬ್ಬ ನೋಡಿದ್ದರೆ ‘ಎರಡು ವರದಿ ನಿಲ್ಲಿಸಿ ಸಾಕು’ ಎನ್ನುತ್ತಿದ್ದ. ಹೊರೆಯಿಂದ ಬಂದ ಕಷ್ಟಕ್ಕೆ ನೋಡು ಬದಲಿಸುವುದು ಮದ್ದಲ್ಲ. 2025ರ ಆರಂಭದಲ್ಲಿ ಕರ್ನಾಟಕದ ಉಪನೋಂದಣಿ ಕಚೇರಿಗಳ ಕಾವೇರಿ 2.0 ವ್ಯವಸ್ಥೆ ಸುಳ್ಳು ಕೋರಿಕೆಗಳ ಮಹಾಪೂರದ ದಾಳಿಗೆ ಸಿಕ್ಕಿ ಆಸ್ತಿ ನೋಂದಣಿ ನಿಂತಾಗಲೂ ಇದೇ ಮಾತು ಅನ್ವಯಿಸುತ್ತಿತ್ತು. ಬಾಗಿಲಲ್ಲಿ ನೂಕುನುಗ್ಗಲಿದ್ದಾಗ ಒಳಗೆ ಎಷ್ಟು ಬದಲಿ ಯಂತ್ರಗಳಿದ್ದರೂ ಪ್ರಯೋಜನವಿಲ್ಲ.

ಇಷ್ಟು ಹೇಳಿದ ಮೇಲೆ ಮನುಷ್ಯನ ಕೈಯನ್ನೂ ತೂಗಬೇಕು. ಪೇಸ್‌ಮೇಕರಿನಲ್ಲಿ ಒಂದು ಸೇವೆಯನ್ನು ಇನ್ನೊಂದು ನೋಡಿಗೆ ಸಾಗಿಸು ಎಂದು ಕೈಯಾರೆ ಆಜ್ಞೆ ಕೊಟ್ಟರೆ, ಎಷ್ಟೋ ಕಡೆ ಅದು ಸಾಗಿಸುವುದಷ್ಟೇ ಅಲ್ಲ, ಆ ಸೇವೆ ಅಲ್ಲೇ ಇರಬೇಕು ಎಂಬ ನಿಯಮವೊಂದನ್ನೂ ಬರೆದಿಡುತ್ತದೆ. ಕೆಲಸ ಮುಗಿದ ಮೇಲೆ ಆ ನಿಯಮವನ್ನು ಅಳಿಸಬೇಕಾದ್ದು ಮನುಷ್ಯನ ಹೊಣೆ. ಮರೆತರೆ ತಿಂಗಳುಗಳ ನಂತರ ಸೇವೆ ಇರಬಾರದ ಕಡೆಗೆ ಎಳೆದುಕೊಂಡು ಹೋಗುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ದುರಸ್ತಿಗೆಂದು ಕ್ಲಸ್ಟರಿನ ಕಾವಲನ್ನು ನಿಲ್ಲಿಸಿ, ಮತ್ತೆ ಶುರು ಮಾಡದೆ ಮನೆಗೆ ಹೋಗುವುದೂ ಇದೇ ಜಾತಿಯ ಮರೆವು. ಇನ್ನು ಸತ್ತ ನೋಡು ಎದ್ದು ಬಂದಾಗ ಸೇವೆ ಹಳೆಯ ಜಾಗಕ್ಕೆ ಮರಳಬೇಕೇ ಎಂಬ ಪ್ರಶ್ನೆಯಿದೆ. ಇಲ್ಲಿ ನನಗೆ ಸಂಶಯವಿಲ್ಲ: ಮರಳಬಾರದು. ಮರಳುವುದೆಂದರೆ ಮತ್ತೊಂದು ಸಲ ನಿಲ್ಲುವುದು, ಅದೂ ಈಗತಾನೇ ಕೈಕೊಟ್ಟ ಯಂತ್ರವನ್ನು ನಂಬಿ. ಇದ್ದಲ್ಲೇ ಅಂಟಿಕೊಂಡಿರುವಂತೆ ಅದಕ್ಕೆ ತೂಕ ಕೊಟ್ಟಿಟ್ಟು, ಭಾನುವಾರ ನೋಡಿಕೊಂಡು ಸಾಗಿಸಿದರಾಯಿತು.

ಮನುಷ್ಯನ ಹಿಂಜರಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು 2021ರ ಫೆಬ್ರವರಿ 24 ತೋರಿಸಿತು. ಅಂದು ಬೆಳಿಗ್ಗೆ 11:40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ವಹಿವಾಟು ನಿಲ್ಲಿಸಿತು. ಎರಡು ಟೆಲಿಕಾಂ ಕಂಪನಿಗಳ ಸಂಪರ್ಕದಲ್ಲಿ ತೊಡಕಾಗಿತ್ತು. ಅಷ್ಟರಿಂದಲೇ ಮಾರುಕಟ್ಟೆ ನಿಲ್ಲಬೇಕಿರಲಿಲ್ಲ. ಆದರೆ ಸಂಗ್ರಹ ವ್ಯವಸ್ಥೆ ಯಾರೂ ನಿರೀಕ್ಷಿಸದಂತೆ ವರ್ತಿಸಿ, ಮುಖ್ಯ ಸರ್ವರುಗಳ ಕೈಗೇ ಸಿಗದಂತಾಯಿತು. ಅಪಾಯ ನಿರ್ವಹಣೆಯ ಲೆಕ್ಕ ನಿಂತಿತು, ಅದಿಲ್ಲದೆ ವಹಿವಾಟು ನಡೆಸುವಂತಿಲ್ಲ. ಚೆನ್ನೈನಲ್ಲಿ ಬದಲಿ ಕೇಂದ್ರವಿತ್ತು. ಅಲ್ಲಿಗೆ ಬದಲಿಸದೆ, ಮಧ್ಯಾಹ್ನ 3:45ಕ್ಕೆ ಮೂಲ ಕೇಂದ್ರದಿಂದಲೇ ವಹಿವಾಟು ಮತ್ತೆ ಶುರುವಾಗಿ 5 ಗಂಟೆಯವರೆಗೆ ನಡೆಯಿತು. ಈ ಪ್ರಕರಣವನ್ನು ಎರಡೂ ಪಕ್ಷ ತಮ್ಮದೆನ್ನಬಹುದು. ತೊಡಕು ತಪ್ಪಿಸಲೆಂದು ಇಟ್ಟ ವ್ಯವಸ್ಥೆಯೇ ಅದಕ್ಕೆ ಕಾರಣವಾಯಿತು ಎನ್ನಲೂಬಹುದು, ಬದಲಿ ಕೇಂದ್ರ ಕೈಯಲ್ಲಿದ್ದರೂ ಜನ ಬದಲಿಸಲಿಲ್ಲ ಎನ್ನಲೂಬಹುದು.

ಇನ್ನೊಂದು ದಿಕ್ಕಿನಿಂದ ಟೋಕಿಯೋ. 2020ರ ಅಕ್ಟೋಬರ್ 1ರಂದು ಅಲ್ಲಿನ ಷೇರು ಮಾರುಕಟ್ಟೆ ಇಡೀ ದಿನ ಮುಚ್ಚಿತ್ತು. ಸಂಗ್ರಹ ಯಂತ್ರವೊಂದರ ಮೆಮೊರಿ ಕೆಟ್ಟಾಗ ಅದರ ಜೋಡಿ ತಾನಾಗಿ ಕೆಲಸ ವಹಿಸಿಕೊಳ್ಳಬೇಕಿತ್ತು. ಒಂದು ಸೆಟ್ಟಿಂಗಿನ ಕಾರಣ ವಹಿಸಿಕೊಳ್ಳಲಿಲ್ಲ. ಕೈಪಿಡಿಯಲ್ಲಿ ಬರೆದದ್ದೊಂದು, ಯಂತ್ರ ನಡೆದುಕೊಂಡದ್ದು ಇನ್ನೊಂದು. ಕೈಯಾರೆ ಎಬ್ಬಿಸಬಹುದಿತ್ತು. ಆದರೆ ಆಗಲೇ ಬಂದಿದ್ದ ಆರ್ಡರುಗಳು ಗೊಂದಲವಾಗುತ್ತವೆಂದು ದಿನವನ್ನೇ ಕೈಬಿಟ್ಟರು. ಯಂತ್ರ ಸೋತ ಕಡೆ ಮನುಷ್ಯ ಎಚ್ಚರಿಕೆಯ ನಿರ್ಧಾರ ಮಾಡಿದ ಎಂದು ನಾನಿದನ್ನು ಓದುತ್ತೇನೆ. ಆ ಎಚ್ಚರಿಕೆಗೆ ಒಂದು ದಿನದ ವಹಿವಾಟನ್ನೇ ತೆರಬೇಕಾಯಿತು, ಮಾರುಕಟ್ಟೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು.

ಎನ್‌ಎಸ್‌ಇ ಘಟನೆಯ ಮರುತಿಂಗಳು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ತೆಗೆದುಕೊಂಡ ಕ್ರಮ ನನಗೆ ಈ ಚರ್ಚೆಯಲ್ಲೇ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಅದು ನಿರ್ಧಾರವನ್ನು ಯಂತ್ರಕ್ಕೆ ಒಪ್ಪಿಸಲಿಲ್ಲ, ಮನುಷ್ಯನ ಇಚ್ಛೆಗೂ ಬಿಡಲಿಲ್ಲ. ಮುಖ್ಯ ವ್ಯವಸ್ಥೆ ನಿಂತರೆ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಬದಲಿ ಕೇಂದ್ರದಿಂದ ಕೆಲಸ ನಡೆಯಬೇಕು. ಮನುಷ್ಯನಿಗೆ ಅಧಿಕಾರ, ಆದರೆ ಗಡಿಯಾರದ ಮುಂದೆ. 2024ರ ಮಾರ್ಚ್ 2 ಮತ್ತು ಮೇ 18, ಎರಡೂ ಶನಿವಾರ, ಎನ್‌ಎಸ್‌ಇ ನಿಜವಾದ ವಹಿವಾಟನ್ನೇ ಮೊದಲ ಅವಧಿಯಲ್ಲಿ ಮೂಲ ಕೇಂದ್ರದಿಂದ, ಎರಡನೆಯ ಅವಧಿಯಲ್ಲಿ ಬದಲಿ ಕೇಂದ್ರದಿಂದ ನಡೆಸಿತು. ತಾಲೀಮು ಎಂದರೆ ಇದು. ಒಮ್ಮೆಯೂ ಬದಲಿಸಿ ನೋಡದ ಬದಲಿ ಸರ್ವರನ್ನು ನಾನು ಬದಲಿ ಎಂದು ಎಣಿಸಲಾರೆ.

ಇ-ವೇ ಬಿಲ್ಲಿನ ಕಥೆಯಲ್ಲಿ ಮತ್ತೊಂದು ದಾರಿಯೂ ಕಾಣುತ್ತದೆ. 2017ರ ಸೆಪ್ಟೆಂಬರಿನಲ್ಲಿ ಇದನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ. 2018ರ ಫೆಬ್ರವರಿ 1ರಂದು ದೇಶಕ್ಕೆಲ್ಲ ತೆರೆದಾಗ ಮೊದಲ ದಿನವೇ ವ್ಯವಸ್ಥೆ ಹೊರೆ ತಾಳದೆ ಕುಸಿದು, ಜಾರಿಯನ್ನು ಮುಂದೂಡಬೇಕಾಯಿತು. 2025ರ ಜುಲೈ 1ರಿಂದ ಎರಡನೆಯ ಪೋರ್ಟಲ್ ಇದೆ. ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಮಾಹಿತಿ ಹಂಚಿಕೊಳ್ಳುತ್ತವೆ. ಒಂದು ಸಿಗದಿದ್ದರೆ ವ್ಯಾಪಾರಿಯೇ ಇನ್ನೊಂದಕ್ಕೆ ಹೋಗುತ್ತಾನೆ. ಮೊದಲನೆಯದರಲ್ಲಿ ತೆಗೆದ ಬಿಲ್ಲಿಗೆ ವಾಹನದ ವಿವರವನ್ನು ಎರಡನೆಯದರಲ್ಲಿ ಸೇರಿಸಿದರೆ, ಎರಡೂ ಚೀಟಿಗಳನ್ನು ಲಾರಿಯಲ್ಲಿ ಇಟ್ಟುಕೊಂಡು ಹೋಗಬಹುದು. ಮಾಹಿತಿ ಹೊಂದಿಕೆಯಾಗದ ಆ ಚೂರು ಹೊತ್ತನ್ನು ಯಂತ್ರದೊಳಗೆ ಬಿಡಿಸಲು ಹೋಗದೆ ಕಾಗದದ ನಿಯಮದಿಂದ ಬಿಡಿಸಿದ್ದಾರೆ. ನಮ್ಮ ಗೋದಾಮಿಗೂ ಇದು ಒಪ್ಪುತ್ತದೆ: ಎರಡು ಸರ್ವರಿಗೆ ಎರಡು ಬೇರೆ ಬೇರೆ ಸರಣಿಯ ಇನ್‌ವಾಯ್ಸ್ ಸಂಖ್ಯೆ ಕೊಡಲು ಜಿಎಸ್‌ಟಿ ನಿಯಮದಲ್ಲಿ ಅವಕಾಶವಿದೆ. ಆಗ 4512 ಎರಡು ಸಲ ಹುಟ್ಟುವ ಪ್ರಶ್ನೆಯೇ ಇಲ್ಲ. ದಾಸ್ತಾನಿನ ಲೆಕ್ಕ ಒಡೆಯುವ ಅಪಾಯ ಉಳಿಯುತ್ತದೆ, ನಿಜ. ಆದರೆ ಅದನ್ನು ಗೋದಾಮಿಗೆ ಹೋಗಿ ಥಾನುಗಳನ್ನು ಎಣಿಸಿ ಸರಿಪಡಿಸಬಹುದು.

ಹೀಗೆಲ್ಲ ತೂಗಿದಾಗ ನನ್ನ ಒಲವು ಇಷ್ಟು. ಫೆನ್ಸಿಂಗ್ ಮತ್ತು ಮೂರನೆಯ ಮತ ಎರಡೂ ಇದ್ದು, ಎರಡೂ ಸರ್ವರ್ ಒಂದೇ ಕಟ್ಟಡದಲ್ಲಿದ್ದರೆ ಡೇಟಾಬೇಸನ್ನೂ ಯಂತ್ರಕ್ಕೆ ಬಿಡಬಹುದು. ತಿರುಪ್ಪೂರಿನಲ್ಲಿ ಶಾಖೆಯೊಂದಿದ್ದರೆ ಮೂರನೆಯ ಮತದ ಚಿಕ್ಕ ಯಂತ್ರವನ್ನು ಅಲ್ಲಿ, ಬೇರೆ ಕರೆಂಟು, ಬೇರೆ ಇಂಟರ್ನೆಟ್ ಮೇಲೆ ಇಡುವುದು ದೊಡ್ಡ ಖರ್ಚೂ ಅಲ್ಲ. ಆದರೆ ಲೆಕ್ಕವೇ ಕೊಯಮತ್ತೂರಿನಿಂದ ತಿರುಪ್ಪೂರಿಗೆ ದಾಟಬೇಕಾದರೆ, ನಡುವೆ ತಂತಿ ಒಂದೇ ಆಗಿದ್ದರೆ, ಗುಂಡಿ ಒತ್ತುವವನು ಮನುಷ್ಯನೇ ಆಗಿರಲಿ. ಫೆನ್ಸಿಂಗ್ ಇಲ್ಲದ ಕಡೆಯಂತೂ ಎರಡನೆಯ ಮಾತಿಲ್ಲ.

ಈ ಒಲವಿನಿಂದ ಒಬ್ಬನ ಮೇಲೆ ಭಾರ ಬೀಳುತ್ತದೆ ಎಂಬುದೂ ನನಗೆ ಗೊತ್ತು. ಸಣ್ಣ ಸಂಸ್ಥೆಗಳಲ್ಲಿ ಸರ್ವರ್ ನೋಡಿಕೊಳ್ಳುವವನು ಒಬ್ಬನೇ ಇರುತ್ತಾನೆ. ಪ್ರಿಂಟರೂ ಅವನದೇ, ಸಿಸಿಟಿವಿಯೂ ಅವನದೇ. ಮನುಷ್ಯ ನಿರ್ಧರಿಸಲಿ ಎಂದರೆ ಅವನು ವರ್ಷದ ಎಲ್ಲ ರಾತ್ರಿ ಎಚ್ಚರವಿರಲಿ ಎಂದಂತೆ. ಯಂತ್ರದ ಪಕ್ಷದ ಅತಿ ಗಟ್ಟಿ ವಾದ ಇದೇ ಎಂದು ನನಗನ್ನಿಸುತ್ತದೆ, 99.99ರ ಲೆಕ್ಕವಲ್ಲ. ಕೈಯಾರೆ ಬದಲಿಸುವ ದಾರಿ ಹಿಡಿಯುವ ಮಾಲೀಕರು ಎರಡನೆಯವನೊಬ್ಬನಿಗೆ ಅದನ್ನು ಕಲಿಸಲೇಬೇಕು. ಯಾವ ಲಕ್ಷಣ ಕಂಡರೆ, ಎಷ್ಟು ನಿಮಿಷ ಕಾದು, ಯಾವ ಸರ್ವರಿನ ಕರೆಂಟು ತೆಗೆದು, ಯಾವ ಕ್ರಮದಲ್ಲಿ ಎಬ್ಬಿಸಬೇಕು ಎಂದು ಕನ್ನಡದಲ್ಲೋ ತಮಿಳಿನಲ್ಲೋ ಬರೆದ ಒಂದು ಹಾಳೆ ರಾತ್ರಿ ಪಾಳಿಯವನ ಮೇಜಿನ ಮೇಲಿರಬೇಕು. ಆ ಹಾಳೆಯಂತೆ ನಡೆದು ಏನಾದರೂ ಕೆಟ್ಟರೆ ಅದರ ಹೊಣೆ ತಮ್ಮದು ಎಂದು ಮಾಲೀಕರು ಅದರ ಕೆಳಗೆ ಸಹಿ ಹಾಕಿರಬೇಕು.